ಲೀಟರಿಗೆ ಏಳು

ವೈಜನಾಥನ ವಿಷಯ ಹೇಳಲು ಕೂತರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಬೇಡಿ. ಕಂಪನಿಯ ಮೇಲೋ, ಮೋಹನದಾಸರ ಮೇಲೋ, ಅವತ್ತು ಬೀಸಿದ ಆ ಹಾಳು ಗಾಳಿಯ ಮೇಲೋ, ನನಗೇ ಇನ್ನೂ ತೀರ್ಮಾನವಾಗಿಲ್ಲ. ವೈಜನಾಥನ ಮೇಲೂ ಸ್ವಲ್ಪ ಇದೆ. ಅಷ್ಟು ಒಳ್ಳೆಯ ಡ್ರೈವರ್ ಆಗುವ ದರ್ದು ಅವನಿಗೇನಿತ್ತು?

ನಾನು ಕಾರ್ಕಳದ ಕಡೆಯವನು. ಆಗ ಔರಂಗಾಬಾದಿನ ಚಿಕಲಠಾಣಾದಲ್ಲಿ ಸಣ್ಣದೊಂದು ಊಟದ ಹೋಟೆಲು ನಡೆಸುತ್ತಿದ್ದೆ. ಊರಿಗೆ ಈಗ ಬೇರೆ ಹೆಸರಾಗಿದೆ, ನನ್ನ ಬಾಯಿಗೆ ಹಳೆಯದೇ ಬರುತ್ತದೆ. ಹೋಟೆಲಿನ ಹಿಂದಿನ ಓಣಿಯಲ್ಲಿ ವೈಜನಾಥ ಮತ್ತು ಅವನ ಹೆಂಡತಿ ಕಾಶಿಬಾಯಿ ಒಂದು ಕೋಣೆ ಬಾಡಿಗೆ ಹಿಡಿದಿದ್ದರು. ಬೀದರ ಜಿಲ್ಲೆಯ ಭಾಲ್ಕಿ ಕಡೆಯವರು. ಗೋದಾವರಿಯ ಕಾಲುವೆಗಳಿಗೆ ಸರ್ವೆ ಮಾಡುವ ಗುತ್ತಿಗೆ ಹಿಡಿದಿದ್ದ ಒಂದು ಕಂಪನಿಯಲ್ಲಿ ಅವನು ಡ್ರೈವರ್. ಬೆಳಿಗ್ಗೆ ಸ್ನಾನ ಮಾಡಿ ಹಣೆಗೆ ವಿಭೂತಿ ಹಚ್ಚಿಕೊಂಡವನು ಬೆರಳಲ್ಲಿ ಉಳಿದಿದ್ದನ್ನು ಗಾಡಿಯ ಮೂತಿಗೂ ಹಚ್ಚುತ್ತಿದ್ದ. "ಎಲಾ, ಗಾಡಿಗೂ ದೀಕ್ಷೆ ಕೊಟ್ಟೆಯಾ?" ಎಂದು ನಾನು ಕಾಡಿಸಿದರೆ ಮೀಸೆಯೊಳಗೇ ನಗುತ್ತಿದ್ದ. ನನ್ನಲ್ಲಿ ಒಂದು ದಿನವೂ ಪುಕ್ಕಟೆ ಚಹಾ ಕುಡಿದವನಲ್ಲ. ಇಂಥವನನ್ನು ಕಳ್ಳ ಅಂದರು.

ಅವನ ಗಾಡಿ ಪೆಟ್ರೋಲಿನ ಪಿಕಪ್ಪು. ಅದರ ಬೆನ್ನಿಗೆ ಕಂಪನಿಯವರು ಒಂದು ಮನೆಯನ್ನು ಕಟ್ಟಿದ್ದರು. ಮನೆ ಎಂದರೆ ಮನೆಯೇ. ಸರ್ವೆ ಸಾಹೇಬರು ಕಾಲುವೆಯ ಜಾಡಿನಲ್ಲಿ ಊರೂರು ತಿರುಗಬೇಕಲ್ಲ, ಅವರಿಗೆ ಮಲಗಲು ಮಂಚ, ಕೈ ತೊಳೆಯಲು ಬೇಸಿನ್, ಕಿಟಕಿಗೆ ಪರದೆ, ಎಲ್ಲ ಇದ್ದ ತಗಡಿನ ಟ್ರೇಲರು. ಗಾಡಿಗಿಂತ ಎರಡು ಮೊಳ ಎತ್ತರ, ಮುಂಭಾಗ ಗೋಡೆಯ ಹಾಗೆ ಚಪ್ಪಟೆ. ನಾವೆಲ್ಲ ಅದನ್ನು ಬಂಗಲೆ ಎನ್ನುತ್ತಿದ್ದೆವು. ನಾಸಿಕದ ಆಫೀಸಿನಿಂದ ಪೈಠಣದವರೆಗೆ ಆ ಬಂಗಲೆಯನ್ನು ಎಳೆದುಕೊಂಡು ಓಡಾಡುವುದೇ ವೈಜನಾಥನ ಕೆಲಸ.

ಎಪ್ಪತ್ತಮೂರನೇ ಇಸವಿಯ ಕೊನೆಗೆ ಪೆಟ್ರೋಲಿನ ಬೆಲೆ ಒಮ್ಮೆಲೇ ಮೇಲಕ್ಕೆ ಹಾರಿತು. ಸ್ಕೂಟರಿನವರು ಸೈಕಲ್ ಹತ್ತಿದರು. ಕಂಪನಿಯವರು ಹೊಸ ಹುಕುಂ ಹೊರಡಿಸಿದರು. ಪ್ರತಿ ಪಿಕಪ್ಪು ಲೀಟರಿಗೆ ಏಳು ಕಿಲೋಮೀಟರ್ ಎವರೇಜ್ ಕೊಡಲೇಬೇಕು, ಕೊಡದಿದ್ದರೆ ಡ್ರೈವರ್ ಪೆಟ್ರೋಲು ಮಾರಿಕೊಂಡಿದ್ದಾನೆ ಎಂದೇ ಅರ್ಥ. ಆ ಏಳನ್ನು ಖಾಲಿ ಗಾಡಿ ಓಡಿಸಿ ಗೊತ್ತುಮಾಡಿದ್ದರು. ವೈಜನಾಥನ ಗಾಡಿಯೂ ಖಾಲಿ ಹೋದರೆ ಏಳು ಕೊಡುತ್ತಿತ್ತು. ಬಂಗಲೆ ಕಟ್ಟಿದರೆ ಏನು ಮಾಡಿದರೂ ಐದು ದಾಟುತ್ತಿರಲಿಲ್ಲ. ಗಾಳಿ ಎದುರಾದ ದಿನ ಅದೂ ಇಲ್ಲ.

ಗಾಡಿಗಳ ಉಸ್ತುವಾರಿ ಮೋಹನದಾಸರದು. ನಮ್ಮ ಮಂಗಳೂರಿನವರೇ, ನಾಸಿಕದಲ್ಲಿರುತ್ತಿದ್ದರು, ಈ ಕಡೆ ಬಂದಾಗ ನನ್ನಲ್ಲೇ ಊಟ. ಒಮ್ಮೆ ಅವರು ಊಟಕ್ಕೆ ಕೂತಿದ್ದಾಗ ವೈಜನಾಥ ಬಂದು ಎದುರು ನಿಂತ.

"ಸಾಹೇಬ್ರ, ಬೆನ್ನಿಗೆ ಮನಿ ಕಟ್ಟೀರಿ. ಮನಿ ಹೊತ್ಕೊಂಡು ಓಡಂದ್ರ ಕುದುರಿಗೂ ಎರಡು ಹಿಡಿ ಹುಲ್ಲು ಜಾಸ್ತಿ ಬೇಕಾಗ್ತದರಿ."

ಮೋಹನದಾಸರು ತಟ್ಟೆಯಿಂದ ತಲೆ ಎತ್ತಲಿಲ್ಲ. "ನಾನು ಎಂತ ಮಾಡುವುದು ಮಾರಾಯ? ಮೇಲಿನವರು ಗಾಡಿಯ ನಂಬರ್ ನೋಡ್ತಾರೆ, ಹಿಂದೆ ಎಂತ ಕಟ್ಟಿದೆ ಅಂತ ನೋಡುವುದಿಲ್ಲ. ನೀನು ಒಂದು ಸಲ ಏಳು ಕೊಟ್ಟು ತೋರಿಸು. ಆಮೇಲೆ ನಾನು ಮಾತಾಡ್ತೇನೆ."

ಒಂದು ಸಲ ಏಳು ಕೊಟ್ಟು ತೋರಿಸು. ಆ ಮಾತು ಅವನ ತಲೆಯಲ್ಲಿ ಕೂತುಬಿಟ್ಟಿತು.

ಅಲ್ಲಿಂದ ಅವನು ಪೆಟ್ರೋಲು ಉಳಿಸಲು ಮಾಡದ ಕಸರತ್ತಿಲ್ಲ. ಟಾಯರುಗಳಿಗೆ ಕಲ್ಲಿನಷ್ಟು ಗಟ್ಟಿ ಗಾಳಿ ತುಂಬಿಸಿದ. ಎತ್ತಿನಗಾಡಿಯವರು ಹಿಂದೆ ಹಾಕುತ್ತಾರೇನೋ ಎಂಬಷ್ಟು ನಿಧಾನ ಓಡಿಸಿದ. ದೊಡ್ಡ ಲಾರಿ ಸಿಕ್ಕರೆ ಅದರ ಬಾಲ ಹಿಡಿದು ಗಾಳಿಯ ಮರೆಯಲ್ಲಿ ಹೋಗುತ್ತಿದ್ದ, ಲಾರಿಯ ಹೊಗೆ ಕುಡಿದು ಸಂಜೆಯಿಡೀ ಕೆಮ್ಮುತ್ತಿದ್ದ. ಇಳಿಜಾರು ಬಂದರೆ ಇಂಜಿನ್ ಬಂದ್. ಖಾಲಿ ಗಾಡಿಯಲ್ಲಿ ಎಲ್ಲ ಡ್ರೈವರುಗಳೂ ಇದನ್ನು ಮಾಡುತ್ತಾರೆ. ಬೆನ್ನ ಹಿಂದೆ ಬಂಗಲೆ ಇಟ್ಟುಕೊಂಡು ಮಾಡುವುದು ಹುಚ್ಚುತನ, ಅದು ಹಿಂದಿನಿಂದ ದೂಡಿಕೊಂಡು ಬರುತ್ತದೆ.

ಭಾರ ಇಳಿಸುವ ಗೀಳೂ ಹತ್ತಿತು. ಜ್ಯಾಕು, ನಟ್ಟು ಬಿಚ್ಚುವ ಪಾನಾ, ಹಗ್ಗ ಎಲ್ಲವನ್ನೂ ಮನೆಯಲ್ಲಿಟ್ಟ. ಸ್ಟೆಪ್ನಿಯನ್ನೂ ಇಳಿಸಿದ. ಕಡೆಗೆ ಊಟಕ್ಕೆ ಬಂದ ಸಂಗತಿ ಕೇಳಿ. ಒಂದು ದಿನ ಬಡಿಸುವವನಿಗೆ ಅರ್ಧ ಊಟ ಸಾಕು ಅಂದ. ಹೊಟ್ಟೆ ಕೆಟ್ಟಿದೆಯೇನೋ ಎಂದುಕೊಂಡೆ. ದಿನವೂ ಅರ್ಧ ಊಟ, ಆಮೇಲೆ ಬರೇ ಎರಡು ರೊಟ್ಟಿ, ಆಮೇಲೆ ಗಾಡಿ ಹೊರಡುವ ದಿನ ಏನೂ ಇಲ್ಲ. "ಏನೋ ಇದು, ವ್ರತವಾ?" ಎಂದು ಗದರಿಸಿದೆ.

"ವಜನ ಕಮ್ಮಿ ಮಾಡ್ಲಿಕತ್ತೀನ್ರಿ ಸದಾನಂದಣ್ಣ."

ನಾನು ಗೊಳ್ಳೆಂದು ನಕ್ಕೆ. ಅವನು ನಗಲಿಲ್ಲ. ಕೆನ್ನೆಯ ಮೂಳೆ ಎದ್ದಿತ್ತು, ಅಂಗಿ ಜೋತಾಡುತ್ತಿತ್ತು. ಒಂದೂವರೆ ಟನ್ನಿನ ಬಂಗಲೆಯ ಮುಂದೆ ತನ್ನ ಎರಡು ರೊಟ್ಟಿಯ ಭಾರವನ್ನು ಲೆಕ್ಕ ಹಾಕುವ ಮನುಷ್ಯನಿಗೆ ಏನು ಹೇಳುತ್ತೀರಿ?

ಇಷ್ಟಾದರೂ ಏಳು ಬರಲಿಲ್ಲ. ಬಂಗಲೆ ಕಟ್ಟಿದ ದಿನವೆಲ್ಲ ಐದೇ. ಏಪ್ರಿಲ್‌ನಲ್ಲಿ ಕಂಪನಿಯ ಇಬ್ಬರು ಬಂದು ಅವನ ಕೋಣೆ ಜಾಲಾಡಿದರು. ಅವನು ದಾರಿಯಲ್ಲಿದ್ದ, ಮನೆಯಲ್ಲಿದ್ದವಳು ಕಾಶಿಬಾಯಿ ಒಬ್ಬಳೇ. ಗಲಾಟೆ ಕೇಳಿ ನಾನು ಓಡಿದೆ. ಓಣಿಯ ಜನವೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿತ್ತು. ಒಬ್ಬ ಅವಳ ಸ್ಟೋವಿನ ಪಕ್ಕದ ಸೀಮೆಎಣ್ಣೆ ಡಬ್ಬಿಗೆ ಬೆರಳದ್ದಿ ಮೂಸುತ್ತಿದ್ದ, ಇನ್ನೊಬ್ಬ ಜೋಳದ ಹಿಟ್ಟಿನ ಡಬ್ಬದೊಳಗೆ ಕೈ ಹಾಕಿದ್ದ. ಕಾಶಿಬಾಯಿ ಸೀಮೆಎಣ್ಣೆಯ ಡಬ್ಬಿಯನ್ನು ಕಸಿದುಕೊಂಡು ಅಂಗಳದ ಮಧ್ಯೆ ತಂದಿಟ್ಟಳು. ಕಡ್ಡಿಪೆಟ್ಟಿಗೆಯನ್ನು ಮೂಸುತ್ತಿದ್ದವನ ಕೈಗೆ ತುರುಕಿದಳು.

"ಗೀರ್ರಿ. ಪೆಟ್ರೋಲಿದ್ರ ಭಗ್ಗಂತ ಹತ್ತತದ, ನಾನೂ ಸುಟ್ಕೋತೀನಿ. ಎಣ್ಣಿ ಇದ್ರ ನಿಮ್ಮ ಮಾರೀಗೆ ಸುರೀತೀನಿ. ಗೀರ್ರಿ ಈಗ."

ಅವರು ಗೀರಲಿಲ್ಲ, ಎದ್ದು ಹೋದರು. ಆದರೆ ಜಾಲಾಡಿದ ಮೇಲೆ ಏನೂ ಸಿಗದಿದ್ದರೂ ಸಿಕ್ಕ ಹಾಗೆಯೇ ಅಲ್ಲವೇ? ಮರುದಿನದಿಂದ ನಳದ ಹತ್ತಿರ ಹೆಂಗಸರು ಅವಳನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಬರಿಗೊಡ ಹಿಡಿದು ಅವಳು ನನ್ನ ಹೋಟೆಲಿನ ನಳಕ್ಕೆ ಬರತೊಡಗಿದಳು. ತವರಿಗೆ ಸುದ್ದಿ ಮುಟ್ಟಿದರೆ ಬಾವಿ ನೋಡಿಕೊಳ್ಳುತ್ತೇನೆ ಎಂದು ನನ್ನ ಹೆಂಡತಿಯ ಹತ್ತಿರ ಹೇಳಿದಳಂತೆ.

ಮೇ ತಿಂಗಳಲ್ಲಿ ನಾಸಿಕದಲ್ಲಿ ನಮ್ಮವರದೊಂದು ಮದುವೆ. ನಾನು ಅಡುಗೆಯ ಮೇಲ್ವಿಚಾರಣೆಗೆ ಹೋದವನು ವಾಪಸು ಹೊರಡುವಾಗ ಕಂಪನಿಯ ಆಫೀಸಿಗೆ ಹೋದೆ, ವೈಜನಾಥನ ಗಾಡಿ ಇದ್ದರೆ ಅದರಲ್ಲೇ ಬರೋಣವೆಂದು. ಅಲ್ಲಿ ಅವನು ಮೋಹನದಾಸರ ಕಾಲಿಗೆ ಬಿದ್ದಿದ್ದ.

"ನೀವೇ ಬಾಜೂಕ ಕೂಡ್ರಿ ಸಾಹೇಬ್ರ. ಟ್ಯಾಂಕ್ ತುಂಬಿಸಿ ಮುಚ್ಚಳಕ್ಕ ಸೀಲ್ ಹಾಕ್ರಿ. ಎಷ್ಟು ಕುಡೀತದ ನೀವೇ ನೋಡ್ರಿ. ಇದಕ್ಕಿಂತ ಜಾಸ್ತಿ ನಾ ಏನ್ ಹೇಳ್ಲಿರಿ."

ಮೋಹನದಾಸರು ಕೆಟ್ಟವರಲ್ಲ. ಅವರಿಗೂ ಔರಂಗಾಬಾದಿನಲ್ಲಿ ಕೆಲಸವಿತ್ತು. ಸರಿ ಎಂದು ಟ್ಯಾಂಕನ್ನು ಕಂಠಮಟ್ಟ ತುಂಬಿಸಿ, ಮುಚ್ಚಳಕ್ಕೆ ಅರಗು ಇಳಿಸಿ, ತಾವೇ ಮುಂದಿನ ಸೀಟಿನಲ್ಲಿ ಕೂತರು. ನಾನು ಅವರ ಪಕ್ಕದಲ್ಲಿ ಒತ್ತರಿಸಿಕೊಂಡೆ. ಹಿಂದೆ ಬಂಗಲೆ.

ನಿಫಾಡ ದಾಟುವಾಗ ಗಾಳಿ ಎದ್ದಿತು. ಮಳೆಗಾಲಕ್ಕೆ ಮುಂಚೆ ಆ ಸೀಮೆಯಲ್ಲಿ ಬೀಸುವ ಪಡುವಣ ಗಾಳಿ. ನಾವು ಹೊರಟಿದ್ದು ಮೂಡಣಕ್ಕೆ. ಗಾಳಿ ಎದುರು ಬಂದಾಗ ಗೋಡೆಯಾಗಿ ತಡೆಯುತ್ತಿದ್ದ ಬಂಗಲೆ ಈಗ ಹಾಯಿಯ ಹಾಗೆ ಗಾಳಿ ಹಿಡಿದು ನಮ್ಮನ್ನೇ ಮುಂದಕ್ಕೆ ದೂಡತೊಡಗಿತು. ವೈಜನಾಥನ ಮುಖ ನೋಡಬೇಕಿತ್ತು. ಎಷ್ಟೋ ತಿಂಗಳ ಮೇಲೆ ಅವನು ಸೀಟಿನಲ್ಲಿ ನೆಟ್ಟಗೆ ಕೂತಿದ್ದ. ಕಾಲು ಪೆಡಲಿನ ಮೇಲೆ ಇದೆಯೋ ಇಲ್ಲವೋ ಎಂಬಂತೆ ಇಟ್ಟಿದ್ದ.

ಯೇವಲಾ ಆದಮೇಲೆ ರಸ್ತೆ ಒಂದು ಹಳ್ಳಕ್ಕೆ ಇಳಿಯುತ್ತದೆ. ಅಲ್ಲಿ ಇಂಜಿನ್ ಬಂದ್ ಮಾಡಿದ. ಸದ್ದಡಗಿ ಬರೇ ಗಾಳಿ ಕೇಳಿಸಿತು. ಬಂಗಲೆ ಹಿಂದಿನಿಂದ ಒತ್ತಿತು, ಗಾಡಿ ಓಡಿತು. ಕೆಳಗೆ ಸೇತುವೆಯ ಬಾಯಲ್ಲಿ ಕುರಿಮಂದೆ. ಅವನು ಬ್ರೇಕ್ ಒತ್ತಿದ ಹೊಡೆತಕ್ಕೆ ಬಂಗಲೆಯ ಹಿಂಬದಿ ಎಡಕ್ಕೆ ಹೊರಳಿ ಸೇತುವೆಯ ಕಲ್ಲಿಗೆ ಒಂದು ಗೇಣು ಇದೆ ಎನ್ನುವಾಗ ನಿಂತಿತು. ನಾನು ಊರ ದೈವಗಳನ್ನೆಲ್ಲ ಕರೆದಿದ್ದೆ. ಮೋಹನದಾಸರ ಹಣೆ ಗಾಜಿಗೆ ಬಡಿದಿತ್ತು.

"ಸಾಯಿಸ್ತೀಯಾ ನಮ್ಮನ್ನು?" ಎಂದು ಕಿರುಚಿದರು.

"ಏಳು ಬರ್ತದರಿ ಸಾಹೇಬ್ರ," ಎಂದ ವೈಜನಾಥ. "ಇವತ್ತ ಬರ್ತದರಿ."

ವೈಜಾಪುರದಲ್ಲಿ ನಾವಿಬ್ಬರೂ ಊಟ ಮಾಡಿದೆವು. ಅವನು ನೀರನ್ನೂ ಕುಡಿಯಲಿಲ್ಲ. ಸಂಜೆ ಚಿಕಲಠಾಣಾದ ಪಂಪಿನಲ್ಲಿ ಅರಗು ಒಡೆದು ಮತ್ತೆ ಕಂಠಮಟ್ಟ ತುಂಬಿಸಿದರು. ಮೋಹನದಾಸರು ಲೆಕ್ಕ ಮಾಡಿದರು. ಇನ್ನೊಮ್ಮೆ ಮಾಡಿದರು.

"ಏಳು," ಎಂದರು.

ವೈಜನಾಥ ಗಾಡಿಯ ಮೂತಿಗೆ ಹಣೆ ಹಚ್ಚಿ ನಿಂತುಬಿಟ್ಟ. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯಲಿಲ್ಲ. ನನಗೂ ಕುಣಿಯುವಷ್ಟು ಖುಷಿಯಾಗಿತ್ತು. "ಏನು ಮಾರಾಯ್ರೆ, ಈಗಲಾದರೂ ನಂಬ್ತೀರಾ?" ಎಂದು ಮೋಹನದಾಸರ ಬೆನ್ನು ತಟ್ಟಿದೆ.

ಅವರು ಸಂತೋಷದಲ್ಲಿರಲಿಲ್ಲ. ಹಣೆಯ ಬುಗುಟು ಮುಟ್ಟಿಕೊಂಡು ನೆಲ ನೋಡುತ್ತಿದ್ದರು.

"ಸದಾನಂದರೇ, ಬಂಗಲೆ ಕಟ್ಟಿಯೂ ಏಳು ಬರ್ತದೆ ಅಂತ ನನ್ನ ಕಣ್ಣೆದುರೇ ತೋರಿಸಿದ. ಹಾಗಾದರೆ ಇಷ್ಟು ದಿನ ಐದು ಬಂದದ್ದು ಯಾಕೆ? ಆ ಪೆಟ್ರೋಲು ಎಲ್ಲಿಗೆ ಹೋಯಿತು? ಮೇಲಿನವರು ಕೇಳಿದರೆ ನಾನು ಎಂತ ಹೇಳಲಿ?"

ಒಂದು ಗಳಿಗೆ ನನಗೆ ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಬಾಯಿಗೆ ಬಂದ ಹಾಗೆ ಬೈದೆ. ಗಾಳಿ ದೂಡಿತು, ನೀವೂ ಇದ್ದಿರಿ, ಸಾಯುವ ಹಾಗೆ ಇಂಜಿನ್ ಬಂದ್ ಮಾಡಿದ್ದನ್ನು ಕಂಡಿರಿ, ದಿನಾ ಹೀಗೆ ಓಡಿಸಲು ಆಗುತ್ತದಾ ಎಂದು ಕೂಗಾಡಿದೆ. "ಗಾಳಿ ಅಂತ ಬರೆದು ಕಳಿಸಿದರೆ ನನ್ನನ್ನೂ ಮನೆಗೆ ಕಳಿಸ್ತಾರೆ. ನನಗೂ ಮಕ್ಕಳಿದ್ದಾರೆ," ಎಂದರು ಮೋಹನದಾಸರು.

ವೈಜನಾಥ ಗಾಡಿಯ ಬಾಗಿಲು ಹಿಡಿದುಕೊಂಡ. "ಈಗೇ ಹೊಳ್ಳಿ ನಾಸಿಕಕ್ಕ ಹೋಗೂಣ್ರಿ. ಗಾಳಿ ಎದುರ ಇರ್ತದ. ಐದೂ ಬರೂದಿಲ್ರಿ, ನಾಕ ಬರ್ತದ. ನೋಡೀರಂತ ಬರ್ರಿ. ನಿಮ್ಮ ಪಾದ ಹಿಡೀತೀನಿ, ಒಮ್ಮೆ ಬರ್ರಿ."

ಮೋಹನದಾಸರು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಗಾಡಿಯ ಕೀಲಿಕೈ ತೆಗೆದುಕೊಂಡರು. ನಾಳೆಯಿಂದ ಬರುವುದು ಬೇಡ ಎಂದರು. ಮೆಲ್ಲಗೇ ಹೇಳಿದರು. ಅದರಿಂದೇನು ಬಂತು?

ಅವನನ್ನು ನಾನು ಹೋಟೆಲಿಗೆ ಕರೆದುಕೊಂಡು ಬಂದೆ. ಮೂಲೆಯ ಮೇಜಿಗೆ ಕೂತು, "ಪೂರಾ ಊಟ ಕೊಡ್ರಿ ಸದಾನಂದಣ್ಣ. ಇನ್ನ ವಜನ ಆದ್ರ ಯಾರಿಗೇನು?" ಎಂದ. ನಾನೇ ಬಡಿಸಿದೆ. ಅನ್ನಕ್ಕೆ ಸಾರು ಹಾಕಿದೆ, ತುಪ್ಪ ಹಾಕಿದೆ. ಕಲಸಿದ, ಕಲಸುತ್ತಲೇ ಇದ್ದ, ತುತ್ತು ಬಾಯಿಗೆ ಹೋಗಲಿಲ್ಲ.

ಆಗ ನಳಕ್ಕೆಂದು ಕೊಡ ಹಿಡಿದು ಕಾಶಿಬಾಯಿ ಬಂದಳು. ಪಂಪಿನ ಹುಡುಗರು ಓಣಿಯಲ್ಲೆಲ್ಲ ಸುದ್ದಿ ಬಿತ್ತಿದ್ದರು, ಅರ್ಧ ಸುದ್ದಿ. ಕೊಡವನ್ನು ಬಾಗಿಲಲ್ಲೇ ಇಟ್ಟು ಗಂಡನ ಎದುರು ಬಂದು ನಿಂತಳು.

"ಏಳು ಬಂತಂತ? ಖರೇನ್ರಿ?"

ವೈಜನಾಥ ಅವಳನ್ನು ನೋಡಿದ. ನನ್ನನ್ನು ನೋಡಿದ. ನಾನು ಬಾಯಿ ತೆರೆಯುವಷ್ಟರಲ್ಲಿ, "ಬಂತು," ಎಂದ.

ತಿಂಗಳುಗಟ್ಟಲೆ ಆ ಹೆಂಗಸು ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಹೋಟೆಲಿನಲ್ಲಿ ಕೂತಿದ್ದ ಗಿರಾಕಿಗಳನ್ನೆಲ್ಲ ಒಂದು ಸುತ್ತು ನೋಡಿ, ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದಳು. "ಅಣ್ಣಾರ, ನಮ್ಮ ಹೆಸರಿಲೆ ಇವರಿಗೆಲ್ಲ ಒಂದೊಂದು ಚಹಾ ಕೊಡ್ರಿ. ನಮ್ಮ ಮನಿಯವ್ರು ಕಳ್ಳ ಅಲ್ಲಂತ ಇವತ್ತ ಗೊತ್ತಾತು."

ನಾನು ಒಳಗೆ ಹೋಗಿ ಒಲೆಯ ಮೇಲೆ ಹಾಲಿಟ್ಟೆ.