ಮರದ ಮೀನಿನ ಮಟ್ಟ

ನಾನು ನೋಡಿದ್ದನ್ನು ನೋಡಿದ ಹಾಗೆಯೇ ಬರೆಯಲು ಪ್ರಯತ್ನಿಸುತ್ತೇನೆ. ಒಮ್ಮೆ ಒಂದನ್ನು ನೋಡಿ ಇನ್ನೊಂದನ್ನು ಹೇಳಿಬಿಟ್ಟೆ. ಬರೆಯುವಾಗಲಾದರೂ ಹಾಗಾಗಬಾರದು.

ನನ್ನ ಮಾವ, ಅಂದರೆ ಗಂಡನ ತಂದೆ, ಹಾಸನದ ಕಡೆಯವರು. ಮೂವತ್ತೈದು ವರ್ಷ ಮಿನ್ನೆಸೋಟಾದ ಉತ್ತರದಲ್ಲಿ, ನಕ್ಷೆಯಲ್ಲಿ ಹುಡುಕಬೇಕಾದಂಥ ಸಣ್ಣ ಊರೊಂದರಲ್ಲಿ ಡಾಕ್ಟರಾಗಿದ್ದರು. ಅತ್ತೆ ತೀರಿಕೊಂಡ ಮೇಲೆ ಸನ್ನಿವೇಲ್‌ಗೆ, ನಮ್ಮ ಅಪಾರ್ಟ್‌ಮೆಂಟಿಗೆ ಬಂದರು. ತಂದ ಸಾಮಾನಿನಲ್ಲಿ ಹೆಚ್ಚಿನದು ಪುಸ್ತಕ. ಉಳಿದದ್ದು ಏಳು ಹಲ್ಲಿನ ಒಂದು ಕಬ್ಬಿಣದ ಈಟಿ, ಅದರ ಹಗ್ಗ, ಮತ್ತು ಹತ್ತು ಇಂಚು ಉದ್ದದ ಒಂದು ಮರದ ಮೀನು. ಮರದ ಮೀನಿಗೆ ತಗಡಿನ ರೆಕ್ಕೆ, ಹೊಟ್ಟೆಯಲ್ಲಿ ಸೀಸ. ರೋಗಿಯೊಬ್ಬ ಕೆತ್ತಿಕೊಟ್ಟದ್ದಂತೆ.

ಅಲ್ಲಿ ಚಳಿಗಾಲದಲ್ಲಿ ಕೆರೆಗಳು ಹೆಪ್ಪುಗಟ್ಟುತ್ತವೆ. ಆ ಮಂಜುಗಡ್ಡೆಯ ಮೇಲೆ ಕಿಟಕಿಯಿಲ್ಲದ ಪುಟ್ಟ ಗುಡಿಸಲು ಇಟ್ಟು, ಒಳಗೆ ಬಾಗಿಲಿನಷ್ಟು ಅಗಲದ ಚೌಕವನ್ನು ಕೊರೆದು ತೆಗೆದು, ಕತ್ತಲಲ್ಲಿ ಕೂತು ಕಾಯುತ್ತಾರೆ. ಗುಡಿಸಲಿನೊಳಗೆ ಬೆಳಕಿಲ್ಲದ್ದರಿಂದ ನೀರೇ ಬೆಳಗುತ್ತದೆ. ಹಸಿರು ಗಾಜಿನ ಹಾಗೆ ತಳದವರೆಗೂ ಕಾಣುತ್ತದೆ. ದಾರದಲ್ಲಿ ಇಳಿಬಿಟ್ಟ ಮರದ ಮೀನನ್ನು ಆಡಿಸುತ್ತಿದ್ದರೆ ಪೈಕ್ ಎನ್ನುವ ಬೇಟೆಮೀನು ಅದನ್ನು ನೋಡಲು ಬರುತ್ತದೆ. ಉದ್ದನೆಯ ದೇಹ, ಬಾತುಕೋಳಿಯ ಕೊಕ್ಕಿನಂಥ ಮೂತಿ. ಈಟಿಯ ಹಲ್ಲುಗಳನ್ನು ಸದ್ದಾಗದಂತೆ ಮೊದಲೇ ನೀರಿಗೆ ಇಳಿಸಿಟ್ಟುಕೊಂಡಿರಬೇಕು. ಮೀನು ಮುಖ ಮಾಡಿ ನಿಂತಿದ್ದರೆ ಕೈ ಎತ್ತಬಾರದು, ಪಕ್ಕಕ್ಕೆ ತಿರುಗುವವರೆಗೆ ತಡೆಯಬೇಕು. ಓರೆಯಲ್ಲಿ ನೀರು ಕಣ್ಣಿಗೆ ಮೋಸ ಮಾಡುತ್ತದೆ, ಆದ್ದರಿಂದ ನೇರ ಕೆಳಗೆ ಬಂದಾಗ ಮಾತ್ರ, ತಲೆಯ ಹಿಂದಕ್ಕೆ ಈಟಿ ಹಾಕಬೇಕು.

ಇದೆಲ್ಲ ಕೈಯ ವಿಷಯ. ಮಾವ ಇದನ್ನು ದೊಡ್ಡದು ಮಾಡುತ್ತಿರಲಿಲ್ಲ. ಅವರ ಮಟ್ಟಿಗೆ ಕಷ್ಟವಿದ್ದದ್ದು ಉದ್ದದಲ್ಲಿ. ಅವರ ಕೆರೆಯಲ್ಲಿ ಇಪ್ಪತ್ನಾಲ್ಕರಿಂದ ಮೂವತ್ತಾರು ಇಂಚಿನ ನಡುವಿನ ಪೈಕನ್ನು ಕೊಲ್ಲುವಂತಿಲ್ಲ. ಮರಿ ಮಾಡುವ ಹೆಣ್ಣುಗಳು ಹೆಚ್ಚಾಗಿ ಆ ಅಳತೆಯವು.

"ಗಾಳ ಹಾಕ್ದೋನು ಬೇಡದ ಮೀನು ಸಿಕ್ರೆ ವಾಪಸ್ ಬಿಡ್ಬೋದು ಕಣಮ್ಮ," ಎಂದಿದ್ದರು ಒಮ್ಮೆ. "ಈಟಿ ಹಾಕ್ದೋನು ಏನನ್ನ ಬಿಡ್ತಾನೆ?"

ಅಷ್ಟು ವರ್ಷಗಳ ಚಳಿಗಾಲದಲ್ಲಿ ಆ ಅಳತೆಯ ಒಂದು ಮೀನನ್ನೂ ಅವರು ಕೊಂದಿರಲಿಲ್ಲ. ಇದನ್ನು ಹೆಮ್ಮೆಯಿಂದಲ್ಲ, ರೋಗಿಯ ಚೀಟಿಯಲ್ಲಿ ಬರೆಯುವ ಮಾತಿನಂತೆ ಹೇಳುತ್ತಿದ್ದರು.

ಸನ್ನಿವೇಲ್‌ಗೆ ಬಂದ ಎರಡನೇ ವರ್ಷಕ್ಕೆ ಅವರ ಎರಡೂ ಕಣ್ಣುಗಳ ನಡುಭಾಗ ಹೋಯಿತು. ಅಂಚಿನಲ್ಲಿ ಕಾಣುತ್ತದೆ, ನೇರ ನೋಡಿದ್ದು ಕಾಣುವುದಿಲ್ಲ. ನನ್ನ ಮುಖ ನೋಡಬೇಕಾದರೆ ನನ್ನ ಕಿವಿಯ ಪಕ್ಕದ ಗೋಡೆಯನ್ನು ನೋಡುತ್ತಿದ್ದರು. ಕಳೆದ ಅಕ್ಟೋಬರಿನಲ್ಲಿ ಊಟದ ಹೊತ್ತಿಗೆ ಹೇಳಿದರು:

"ಈ ವಿಂಟರ್ ಒಂದ್ಸಲ ಹೋಗ್ಬರ್ಬೇಕು ಅಂತ. ಮುಂದಿನ್ ವರ್ಷಕ್ಕೆ ಇಷ್ಟೂ ಉಳಿಯಲ್ಲ."

"ಅಪ್ಪಾ, ತಟ್ಟೇಲಿರೋ ಉಪ್ಪಿನಕಾಯಿ ಕಾಣಲ್ಲ ನಿಮ್ಗೆ. ನೀರೊಳಗಿನ ಮೀನು ಕಾಣತ್ತಾ?" ಎಂದರು ನನ್ನ ಗಂಡ.

"ಉಪ್ಪಿನಕಾಯಿ ಓಡಾಡಲ್ಲ ಕಣೋ. ಓಡಾಡೋದು ಅಂಚಲ್ಲಿ ಕಾಣತ್ತೆ. ಉದ್ದ ಎಷ್ಟು ಅಂತ ಹೇಳೋಕೆ ಒಬ್ರು ಬೇಕು, ಅಷ್ಟೆ."

"ನನ್ ಕಡೆ ನೋಡ್ಬೇಡಿ. ಹದಿನೆಂಟು ವರ್ಷ ಆ ಐಸು ಕೆರೆದಿದೀನಿ. ಐ ಆಮ್ ಡನ್."

"ನಿನ್ ಕಡೆ ನೋಡೋಕೆ ನಂಗೆಲ್ಲಿ ಆಗತ್ತೋ," ಎಂದು ಮಾವ ನಕ್ಕರು. ಆಮೇಲೆ ನನ್ನ ಕಿವಿಯ ಪಕ್ಕಕ್ಕೆ ತಿರುಗಿದರು. "ನೀನ್ ಬರ್ತೀಯೇನಮ್ಮ? ಚೆಕ್ ಮಾಡೋದೇ ಅಲ್ವಾ ನಿನ್ ಕೆಲ್ಸ?"

ನಾನು ಸಾಂಟಾ ಕ್ಲಾರಾದಲ್ಲಿ ಕಂಪ್ಯೂಟರ್ ಚಿಪ್‌ಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ವಿನ್ಯಾಸ ಕಾರ್ಖಾನೆಗೆ ಹೋಗುವ ಮೊದಲು ಸರಿಯಿದೆ ಎಂದು ಹೇಳುವವರಲ್ಲಿ ನಾನೊಬ್ಬಳು. ಹೋದ ಮೇಲೆ ತಿದ್ದಲಾಗುವುದಿಲ್ಲ. ಮಂಡ್ಯದ ನಾಲೆಯಲ್ಲಿ ಮೀನು ಹಿಡಿಯುವವರನ್ನು ನೋಡಿ ಬೆಳೆದವಳಿಗೆ ಇದೇನು ಮಹಾ ಎಂದುಕೊಂಡು ಒಪ್ಪಿದೆ.

ತಾಲೀಮು ನಮ್ಮ ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ ನಡೆಯಿತು. ಡಿಸೆಂಬರಿನ ಬೆಳಿಗ್ಗೆ ಅಲ್ಲಿ ಯಾರೂ ಇರುವುದಿಲ್ಲ. ಮಾವ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಮರದ ಮೀನನ್ನು ಇಳಿಬಿಡುತ್ತಿದ್ದರು. ನನ್ನ ಗಂಡ ಬೇರೆ ಬೇರೆ ಉದ್ದದ ಪೈಪುಗಳಿಗೆ ಕಪ್ಪು ಟೇಪು ಸುತ್ತಿ, ನನಗೆ ತೋರಿಸದೆ ನೀರಿಗೆ ಹಾಕುತ್ತಿದ್ದರು. ನಾನು ಬಗ್ಗಿ ನೋಡಿ ಇಂಚು ಹೇಳಬೇಕು.

"ಮರದ ಮೀನೇ ನಿನ್ ಅಳತೆಗೋಲು. ಅದ್ರ ಎರಡರಷ್ಟಿದ್ರೆ ಇಪ್ಪತ್ತು," ಎನ್ನುತ್ತಿದ್ದರು ಮಾವ. "ಆದ್ರೆ ಅಳೆಯೋ ವಸ್ತು ಅದೇ ಮಟ್ಟದಲ್ಲಿರ್ಬೇಕು. ಕೆಳಗಿದ್ರೆ ಚಿಕ್ಕದಾಗ್ ಕಾಣತ್ತೆ, ಮೇಲಿದ್ರೆ ದೊಡ್ಡದಾಗಿ. ಮಟ್ಟದಲ್ಲಿಲ್ಲ ಅಂದ್ರೆ ದಾರ ಇಳಿಸು ಅನ್ನು, ಇಳಿಸ್ತೀನಿ. ಅಷ್ಟ್ರೊಳಗೆ ಮೀನು ಹೋದ್ರೆ ಹೋಗ್ಲಿ."

ಎರಡು ವಾರದಲ್ಲಿ ನನ್ನ ಅಂದಾಜು ಒಂದು ಇಂಚಿನ ಆಚೀಚೆಗೆ ಬಂದು ನಿಂತಿತು. ಮಟ್ಟದಲ್ಲಿಲ್ಲದಾಗ ಒಮ್ಮೆಯೂ ಹೇಳದೆ ಬಿಟ್ಟಿರಲಿಲ್ಲ. ಇದನ್ನು ಇಲ್ಲಿ ದಾಖಲಿಸಬೇಕು. ನನಗೆ ಗೊತ್ತಿರಲಿಲ್ಲ ಎಂದು ಯಾರೂ ತಿಳಿಯಬಾರದು.

ಮನೆಯಲ್ಲಿ ಒಡೆದ ಪ್ರತಿಯೊಂದು ಮೊಟ್ಟೆಯ ಸಿಪ್ಪೆಯನ್ನೂ ಮಾವ ಅಕ್ಟೋಬರಿನಿಂದಲೇ ತೊಳೆದು ಒಣಗಿಸಿ ಡಬ್ಬಿಗೆ ತುಂಬುತ್ತಿದ್ದರು. ಕೆರೆಯ ತಳಕ್ಕೆ ಅದನ್ನು ಚೆಲ್ಲಿದರೆ ಬಿಳಿಯ ಮೇಲೆ ಮೀನಿನ ಕಪ್ಪು ಬೆನ್ನು ಎದ್ದು ಕಾಣುತ್ತದೆ. ಜನವರಿಯಲ್ಲಿ ನಾವಿಬ್ಬರೂ ಹೊರಟಾಗ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಆ ಡಬ್ಬಿಯನ್ನು ತೆಗೆಸಿದರು. ಕೈಗವಸು ಹಾಕಿದ ಹುಡುಗಿ ಒಳಗೆ ನೋಡಿ, ನನ್ನನ್ನು ನೋಡಿ, ಮತ್ತೆ ಒಳಗೆ ನೋಡಿದಳು. ಮಾವ ಬಹಳ ಗಂಭೀರವಾಗಿ ಇಂಗ್ಲಿಷಿನಲ್ಲಿ "ಮೊಟ್ಟೆ ತಿಂದಾಯಿತು, ಇದು ಸಾಕ್ಷಿ," ಎಂದರು. ಆ ಪ್ರಯಾಣದಲ್ಲಿ ಅವರು ತಮಾಷೆ ಮಾಡಿದ್ದು ಅದೇ ಕೊನೆ.

ಮಾವನ ಹಳೆಯ ಸ್ನೇಹಿತರೊಬ್ಬರು ತಮ್ಮ ಗುಡಿಸಲನ್ನು ನಾಲ್ಕು ದಿನಕ್ಕೆ ಬಿಟ್ಟುಕೊಟ್ಟಿದ್ದರು. ಬೆಳಿಗ್ಗೆ ಕೆರೆಯ ದಡದಲ್ಲಿ ನಮ್ಮನ್ನು ಇಳಿಸಿ ಸಂಜೆ ಬಂದು ಕರೆದೊಯ್ಯುತ್ತಿದ್ದರು. ದಡದಿಂದ ಗುಡಿಸಲಿನವರೆಗೆ ಮಾವ ಮುಂದೆ, ನಾನು ಹಿಂದೆ. ಅವರು ಹಾರೆಯಿಂದ ಮಂಜುಗಡ್ಡೆಯನ್ನು ಕುಟ್ಟುತ್ತಾ, ಸದ್ದು ಕೇಳಿಸಿಕೊಳ್ಳುತ್ತಾ ನಡೆಯುತ್ತಿದ್ದರು. ಗಟ್ಟಿ ಇದ್ದಲ್ಲಿ ಸದ್ದು ಮೊಟಕು, ಮಂದ. ಅಲ್ಲಿ ಅವರಿಗೆ ನನ್ನ ಕಣ್ಣು ಬೇಕಿರಲಿಲ್ಲ.

ಮೊದಲ ದಿನ ಏನೂ ಬರಲಿಲ್ಲ. ಎರಡನೇ ದಿನ ಎರಡು ಬಂದವು. ಎರಡಕ್ಕೂ ನಾನು, "ಬೇಡ ಮಾವ, ಮೂವತ್ತರ ಹತ್ರ ಇದೆ," ಎಂದೆ. ಎರಡು ಸಲವೂ ಅವರು ಮರುಮಾತಿಲ್ಲದೆ ಕೈ ಸಡಿಲಿಸಿದರು. ಹೌದಾ ಎಂದು ಕೂಡ ಕೇಳಲಿಲ್ಲ. ಮೂರನೇ ದಿನ ಒಂದು ಚಿಕ್ಕದು ಬಂದು, ಮುಖ ಮಾಡಿಯೇ ನಿಂತು, ತಿರುಗದೆ ಹಿಂದಕ್ಕೆ ಸರಿದು ಹೋಯಿತು. ಸಂಜೆ ಮಾವ ಊಟ ಸರಿಯಾಗಿ ಮಾಡಲಿಲ್ಲ.

ನಾಲ್ಕನೇ ದಿನ ನಮ್ಮ ಕೊನೆಯ ದಿನ. ಮಧ್ಯಾಹ್ನ ಎರಡೂವರೆಯ ಹೊತ್ತು. ಎಡಗಡೆಯಿಂದ ಮೊಟ್ಟೆಸಿಪ್ಪೆಗಳ ಬಿಳುಪಿನ ಮೇಲೆ ಒಂದು ಕಪ್ಪು ಗೆರೆ ನಿಧಾನವಾಗಿ ಬಂದು, ಪಕ್ಕಕ್ಕೆ ತಿರುಗಿ ನಿಂತಿತು.

"ಬಂತಲ್ವಾ?" ಪಿಸುಗುಟ್ಟಿದರು.

"ಬಂತು ಮಾವ. ಅಡ್ಡ ನಿಂತಿದೆ. ತಲೆ ನಿಮ್ ಬಲಕ್ಕೆ."

"ಎಷ್ಟು?"

ಮರದ ಮೀನಿನ ಎರಡರಷ್ಟು, ಮೇಲೆ ಸ್ವಲ್ಪ. "ಇಪ್ಪತ್ತೆರಡು."

"ಮಟ್ಟದಲ್ಲಿದೆಯಾ?"

ಮಟ್ಟದಲ್ಲಿರಲಿಲ್ಲ. ಮರದ ಮೀನು ತೂಗಾಡಿದಾಗ ಅದು ಆ ಬೆನ್ನಿನ ಒಂದು ಭಾಗವನ್ನು ಮರೆ ಮಾಡಿತು, ಅಂದರೆ ಮೀನು ಕೆಳಗಿತ್ತು. ಎಷ್ಟು ಕೆಳಗೆ ಎಂದು ನನಗೆ ತಿಳಿಯಲಿಲ್ಲ. ಗೇಣಿರಬಹುದು, ಮೊಳವಿರಬಹುದು. ದಾರ ಇಳಿಸಿ ಎಂದು ನಾನು ಹೇಳಬೇಕಿತ್ತು. ಮೂರು ಸೆಕೆಂಡಿನ ಕೆಲಸ. ಆ ಮೂರು ಸೆಕೆಂಡಿನಲ್ಲಿ ಮೀನು ಹೋಗಿಬಿಟ್ಟರೆ ಅವರ ಆಯುಷ್ಯದ ಕೊನೆಯ ಮೀನು ಹೋದ ಹಾಗೆ. ನಮ್ಮ ಮನೆಗಳಲ್ಲಿ ದೊಡ್ಡವರು ಆಸೆಯಿಂದ ಕೇಳಿದ್ದಕ್ಕೆ ಇಲ್ಲ ಎಂದು ಹೇಳಿ ಅಭ್ಯಾಸವಿಲ್ಲ. ಸಾರಿಗೆ ಉಪ್ಪು ಸರಿಯಿದೆಯೇ, ಬಸ್ಸು ಸಿಗುತ್ತದೆಯೇ, ವರದಿ ಚೆನ್ನಾಗಿ ಬಂದಿದೆಯೇ, ಏನು ಕೇಳಿದರೂ ಮೊದಲು ಹೌದು ಎನ್ನುತ್ತೇವೆ.

"ಇದೆ ಮಾವ," ಎಂದೆ.

ಈಟಿ ಹೋಯಿತು. ಸದ್ದೇ ಇರಲಿಲ್ಲ. ಹಗ್ಗ ಬಿಗಿಯಿತು. ನೀರು ಕದಡಿ ಬಿಳಿಯೆಲ್ಲ ಬೂದುಬಣ್ಣವಾಯಿತು. ಮಾವ ಕೈ ಬದಲಿಸುತ್ತಾ ಹಗ್ಗ ಎಳೆದರು. ಮೀನು ಮೇಲೆ ಬಂದಷ್ಟೂ ಉದ್ದವಾಗುತ್ತಾ ಬಂತು. ಇದನ್ನು ಬೇರೆ ಹೇಗೆ ಹೇಳಬೇಕೋ ನನಗೆ ಗೊತ್ತಿಲ್ಲ. ಒಂದೊಂದು ಅಡಿ ಮೇಲೆ ಬಂದಾಗಲೂ ಅದು ಬೆಳೆಯಿತು. ಮಂಜುಗಡ್ಡೆಯ ಮೇಲೆ ಬಂದು ಬಿದ್ದಾಗ ನಾನು ನೋಡಿದ ಮೀನು ಅದಾಗಿರಲಿಲ್ಲ.

ಈಟಿಯ ಹಿಡಿಯಲ್ಲಿ ಎರಡು ಕಚ್ಚುಗಳಿವೆ, ಇಪ್ಪತ್ನಾಲ್ಕಕ್ಕೊಂದು, ಮೂವತ್ತಾರಕ್ಕೊಂದು. ಮಾವ ಮಂಡಿಯೂರಿ ಹಿಡಿಯನ್ನು ಮೀನಿನ ಪಕ್ಕಕ್ಕಿಟ್ಟು ಬೆರಳು ಹಾಯಿಸಿದರು. ಬಾಲ ಮೊದಲ ಕಚ್ಚನ್ನು ನಾಲ್ಕು ಬೆರಳಿನಷ್ಟು ದಾಟಿತ್ತು. ಮೂತಿಯಿಂದ ಮತ್ತೊಮ್ಮೆ ಅಳೆದರು. ಆಮೇಲೆ ಅದರ ಹೊಟ್ಟೆಯನ್ನು, ಒಬ್ಬ ಡಾಕ್ಟರು ಮುಟ್ಟುವ ಹಾಗೆ, ಅಂಗೈಯಿಂದ ಒತ್ತಿ ನೋಡಿದರು.

"ಮೊಟ್ಟೆ ತುಂಬಿದೆ," ಎಂದರು.

ಹಿಡಿಯನ್ನು ಕೆಳಗಿಟ್ಟು ನನ್ನ ಕಿವಿಯ ಪಕ್ಕಕ್ಕೆ ತಿರುಗಿದರು.

"ಮಟ್ಟದಲ್ಲಿತ್ತೇನಮ್ಮ?"

"ಸ್ವಲ್ಪ ಕೆಳಗಿತ್ತು ಮಾವ."

"ಆಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ತಲೆಯಾಡಿಸಿದರು. ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ನಿಮಗೋಸ್ಕರ ಎಂದು ಹೇಳುತ್ತಿದ್ದೆನೋ ಏನೋ. ಬದಲಿಗೆ ಅದಕ್ಕಿಂತ ಕೆಟ್ಟದ್ದನ್ನು ಹೇಳಿದೆ. ಸುತ್ತಲೂ ಮೈಲಿಗಟ್ಟಲೆ ಯಾರೂ ಇರಲಿಲ್ಲ, ತೂತು ನಮ್ಮ ಕಾಲ ಬಳಿಯೇ ಇತ್ತು. "ಮಾವ, ಯಾರೂ ನೋಡಿಲ್ಲ," ಎಂದೆ.

"ನಾನೂ ನೋಡಿಲ್ಲ ಕಣಮ್ಮ," ಎಂದರು. "ನೋಡಿದ್ದು ನೀನೊಬ್ಳೆ."

ಫೋನು ತೆಗೆದು ಸ್ನೇಹಿತರಿಗೆ ಹೇಳಿ, ಅವರ ಮೂಲಕ ಮೀನುಗಾರಿಕೆಯ ಅಧಿಕಾರಿಯನ್ನು ಕರೆಸಿದರು. ಅವನು ಬರಲು ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ನಾವು ಬಾಗಿಲು ತೆರೆದಿಟ್ಟು, ಮೀನನ್ನು ನಡುವೆ ಇಟ್ಟುಕೊಂಡು ಕೂತಿದ್ದೆವು. ಹೊರಗಿನ ಬೆಳಕು ಒಳಗೆ ಬಂದದ್ದರಿಂದ ನೀರು ಕಪ್ಪಾಗಿತ್ತು, ಏನೂ ಕಾಣುತ್ತಿರಲಿಲ್ಲ.

ಅಧಿಕಾರಿ ಸೌಮ್ಯ ಮನುಷ್ಯ. ಯಾರು ಈಟಿ ಹಾಕಿದ್ದು ಎಂದು ಕೇಳಿದ.

"ನಾನು," ಎಂದರು ಮಾವ.

"ಉದ್ದ ನೋಡಿದ್ದು?"

"ನಾನೇ."

ಅವನು ಮಾವನ ಕಣ್ಣುಗಳನ್ನು ನೋಡಿದ. ಅವು ಅವನ ಭುಜದ ಆಚೆಯ ಗೋಡೆಯ ಮೇಲಿದ್ದವು. ನಾನು ಬಾಯಿ ತೆರೆದೆ.

"ನೀನ್ ಸುಮ್ನಿರಮ್ಮ," ಎಂದರು ಮಾವ ಕನ್ನಡದಲ್ಲಿ. ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು.

ಅಧಿಕಾರಿ ದಂಡದ ಚೀಟಿ ಬರೆದುಕೊಟ್ಟು ಮೀನನ್ನು ತೆಗೆದುಕೊಂಡು ಹೋದ. ಹೋಗುವಾಗ, ಹೆಚ್ಚಿನವರು ಕರೆ ಮಾಡುವುದಿಲ್ಲ ಡಾಕ್ಟರೇ ಎಂದ. ಈಟಿ, ಹಗ್ಗ, ಮರದ ಮೀನು ಮೂರನ್ನೂ ಸ್ನೇಹಿತರ ಮನೆಯಲ್ಲೇ ಬಿಟ್ಟು ಬಂದೆವು.

ಸನ್ನಿವೇಲ್‌ನಲ್ಲಿ ಗಂಡ ಕೇಳಿದರು, "ಹೇಗಿತ್ತು? ಸಿಕ್ತಾ?"

"ಒಂದು ಸಿಕ್ತು. ಉಳಿಸ್ಕೊಳ್ಳೋ ಹಾಗಿರ್ಲಿಲ್ಲ," ಎಂದರು ಮಾವ. ಅದು ನಿಜ. ಅವರು ನನ್ನ ಮೇಲೆ ಒಂದು ಮಾತನ್ನೂ ಹೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ. ನಾನೂ ಗಂಡನಿಗೆ ಹೇಳಿಲ್ಲ. ಕೆಲಸದಲ್ಲಿ ಎಂದಿನಂತೆ ಸರಿಯಿದೆ, ಸರಿಯಿಲ್ಲ ಎಂದು ಬರೆಯುತ್ತೇನೆ. ಬರೆದದ್ದನ್ನು ಜನ ನಂಬುತ್ತಾರೆ.

ಫೆಬ್ರವರಿಯಲ್ಲಿ ಕಣ್ಣಿನ ಡಾಕ್ಟರು ತಿಂಗಳಿಗೊಮ್ಮೆ ಕೊಡುತ್ತಿದ್ದ ಇಂಜೆಕ್ಷನ್ನಿನಿಂದ ಇನ್ನು ಪ್ರಯೋಜನವಿಲ್ಲ ಎಂದರು. ಆ ಡಾಕ್ಟರಿದ್ದ ಲಾಸ್ ಆಲ್ಟೋಸ್‌ನಿಂದ ಮನೆಗೆ ಬರುವಾಗ ಮಾವ ಇಂಡಿಯನ್ ಅಂಗಡಿಯಲ್ಲಿ ಕರಿಬೇವು ತೆಗೆದುಕೊಳ್ಳೋಣ ಎಂದರು. ಕಾರನ್ನು ಆಚೆ ನಿಲ್ಲಿಸಿದ್ದರಿಂದ ನಾವು ಎಲ್ ಕಮೀನೊ ರಸ್ತೆಯನ್ನು ದಾಟಬೇಕಿತ್ತು. ಆರು ಸಾಲಿನ ರಸ್ತೆ. ನಾನು ಅವರ ತೋಳು ಹಿಡಿದಿದ್ದೆ. ನಮ್ಮ ಸಿಗ್ನಲ್ ಬಿತ್ತು, ಕಾರುಗಳು ನಿಂತವು.

"ಬನ್ನಿ ಮಾವ, ಬಿತ್ತು."

ಅವರು ಕದಲಲಿಲ್ಲ. ನಾನು ತೋಳನ್ನು ಸ್ವಲ್ಪ ಎಳೆದೆ.

"ಇರಮ್ಮ," ಎಂದರು, ಮೆಲ್ಲಗೆ. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ರಸ್ತೆಯನ್ನು ಕೇಳಿಸಿಕೊಳ್ಳುತ್ತಿದ್ದರು. ನಮ್ಮ ಹಿಂದಿನಿಂದ ಒಬ್ಬ ಹೆಂಗಸು ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಬಂದಳು. ಗಾಡಿಯ ಚಕ್ರ ಕಟ್ಟೆಯಿಂದ ಇಳಿದು ರಸ್ತೆಗೆ ಬಿದ್ದ ಸದ್ದಾಯಿತು. ಆಮೇಲೆ ಮಾವ ಕಾಲು ಮುಂದಿಟ್ಟರು.