ಚೋಲೆಯ ಲಂಗದೊಳಗಿನ ಒಬ್ದುಲಿಯಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಓಹಾಕಾದ ಸಾನ್ ಇಲಾರಿಯೊ ಕೇರಿಯಲ್ಲಿ ಒಂದು ಗಾರುಡಿ ಗೊಂಬೆ ಬರೀ ಮೈಯಲ್ಲಿ ನಡೆದು ಬರುತ್ತಿದೆ. ಲಂಗವಿಲ್ಲ, ರವಿಕೆಯಿಲ್ಲ. ಜೊಂಡಿನ ಹಂದರ, ಅದರ ಮೇಲೆ ಕಾಗದ ಮೆತ್ತಿ ಮಾಡಿದ ಭಾರೀ ತಲೆ, ಎರಡು ಉದ್ದನೆಯ ಜಡೆ, ಅಷ್ಟೇ. ಹಂದರದ ಒಳಗೆ ಐವತ್ತು ದಾಟಿದ ಗಟ್ಟಿಮುಟ್ಟು ಹೆಂಗಸೊಬ್ಬಳು ಉಸಿರು ಬಿಗಿಹಿಡಿದು ಹೆಜ್ಜೆ ಹಾಕುತ್ತಿದ್ದಾಳೆ. ಕೇರಿಯ ನಾಯಿಗಳೆಲ್ಲ ಒಟ್ಟಿಗೇ ಬೊಗಳುತ್ತವೆ.

"ಬೊಗಳ್ರೋ ಬೊಗಳ್ರಿ! ವರ್ಷಾ ವರ್ಷಾ ನೋಡ್ತೀರಿ, ಇನ್ನೂ ನನ್ನ ಗುರುತು ಹತ್ತಲಿಲ್ವಾ?" ಎಂದು ಒಳಗಿನಿಂದ ಬೈಗುಳ ಬರುತ್ತದೆ.

ಗೊಂಬೆಯ ಹೆಸರು ಚೋಲೆ. ಹೊತ್ತವಳ ಹೆಸರು ಒಬ್ದುಲಿಯಾ. ಚೋಲೆಯನ್ನು ಊರಿಗೆ ಊರೇ ಬಲ್ಲದು. ಒಬ್ದುಲಿಯಾಳನ್ನು ಬಲ್ಲವರು ಸಂತೆಯ ಬಾಗಿಲಲ್ಲಿ ಅವಳ ಕೈಯಿಂದ ಬಿಸಿಬಿಸಿ ಅಟೋಲೆ, ಅಂದರೆ ಮೆಕ್ಕೆಜೋಳದ ಸಿಹಿಗಂಜಿ, ಕುಡಿಯುವವರು ಮಾತ್ರ. ಇವತ್ತು ಸಂಜೆ ಕೇರಿಯ ಹಬ್ಬದ ಮೆರವಣಿಗೆ. ಲಂಗ ಉಡಿಸುವ ಮೊದಲು ಹಂದರ ಎಲ್ಲಾದರೂ ಸಡಿಲವಾಗಿದೆಯೇ ಎಂದು ನೋಡಿಕೊಳ್ಳಲು ಈ ಬೆಳಗಿನ ನಡಿಗೆ.

ಬೇಕರಿಯ ಗೋಡೆಗೆ ಯಾರೋ ಹೊಸ ಚಿತ್ರಪಟ ಅಂಟಿಸಿದ್ದಾರೆ. ದಕ್ಷಿಣದ ಓಹಾಕಾ ರಾಜ್ಯಕ್ಕೆ ಯಾಕೆ ಬರಬೇಕು ಎಂದು ಅದರಲ್ಲಿ ಕಾರಣಗಳನ್ನು ಕೊಟ್ಟಿದ್ದಾರೆ: ಊಟ, ಹಬ್ಬ, ಕಲೆ. ನಟ್ಟನಡುವೆ ಚೋಲೆ ಹಲ್ಲು ಕಿರಿದು ನಿಂತಿದ್ದಾಳೆ. ಒಬ್ದುಲಿಯಾ ಹಂದರ ಇಳಿಸಿ, ಹೆಗಲು ತಿಕ್ಕಿಕೊಳ್ಳುತ್ತ ಅದನ್ನು ನೋಡುತ್ತಾಳೆ.

"ಬರ್ಲಿ ಪಾಪ, ಬೇಡ ಅಂದೋರ್ಯಾರು? ಆದ್ರೆ ಬಂದೋರಿಗೆ ತೋರ್ಸೋ ಭರದಲ್ಲಿ ಮನೆಯೋರನ್ನೇ ಮರೆತ್ರೆ ಹೆಂಗೆ?"

ಈ ಮಾತಿಗೆ ಮೂಲ ಒಲೆ ಓಣಿ. ಹಬ್ಬದ ಊಟ ಬೇಯುವುದು ಅಲ್ಲಿ. ಒಂದು ಕಡೆ ಮೆಣಸಿನಕಾಯಿ, ಕೋಕೋ ಅರೆದು ಕುದಿಸುವ ಮೋಲೆ ಸಾರು. ಸೌಟು ನಿಂತರೆ ತಳ ಹಿಡಿಯುತ್ತದೆ. ಇನ್ನೊಂದು ಕಡೆ ಬಾಳೆಲೆಯಲ್ಲಿ ಸುತ್ತಿದ ಹಿಟ್ಟಿನ ತಮಾಲೆ ಹಬೆಯಲ್ಲಿ ಕೂತಿರುತ್ತವೆ. ಅಡುಗೆಯ ಹೆಂಗಸರು ಒಲೆ ಬಿಟ್ಟು ಮೆರವಣಿಗೆ ನೋಡಲು ಬರುವಂತಿಲ್ಲ. ಅದಕ್ಕೇ ಮೆರವಣಿಗೆಯೇ ಓಣಿಗೆ ಹೋಗುತ್ತಿತ್ತು. ಚೋಲೆ ಒಂದೊಂದು ಮಡಕೆಯ ಮುಂದೂ ಗಿರಗಿರ ತಿರುಗಿ ಕುಣಿಯಬೇಕು. ಅಡುಗೆಮನೆಯಲ್ಲಿ ಸಿಟ್ಟು ಸೇರಿದರೆ ತಮಾಲೆ ಬೇಯುವುದಿಲ್ಲ, ಮಡಕೆಯ ಮುಂದೆ ಕುಣಿದರೆ ಮಾತ್ರ ಬೇಯುತ್ತವೆ ಎಂಬುದು ಇಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು.

ಹೋದ ವರ್ಷ ಹಬ್ಬದ ಸಮಿತಿಯವರು ದಾರಿ ಬದಲಿಸಿದರು. ಓಣಿ ಇಕ್ಕಟ್ಟು, ಅಲ್ಲಿ ಕುರ್ಚಿ ಹಾಕಲು ಜಾಗವಿಲ್ಲ, ದೊಡ್ಡ ಬೀದಿಯೇ ಸರಿ ಎಂದರು. ಒಬ್ದುಲಿಯಾ ತಲೆಬಗ್ಗಿಸಿ ನಡೆದಳು. ಓಣಿಯವರು ಕಾದರು, ವಾದ್ಯದ ಸದ್ದು ದೂರದಲ್ಲೇ ಹಾದುಹೋಯಿತು. ಮಾರನೇ ಬೆಳಿಗ್ಗೆ ಎಲೆ ಬಿಚ್ಚಿದರೆ ಹಸಿ ಹಿಟ್ಟು!

"ಫೆಲಿಸಿತಾಸ್ ಅಳ್ತಾ ಕೂತಿದ್ಳು. ಅವಳ ಕೈ ಅಡುಗೆ ಎಂದೂ ಕೆಟ್ಟಿದ್ದಿಲ್ಲ. 'ನೀನು ನಮ್ಮ ಬಾಗಿಲು ದಾಟಿ ಹೋದೆ ಕೊಮಾದ್ರೆ' ಅಂದ್ಳು, ಅಷ್ಟೇ. ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾಳೆ ಒಬ್ದುಲಿಯಾ. ಫೆಲಿಸಿತಾಸ್ ಓಣಿಯ ಹಿರಿಯ ಅಡುಗೆಯವಳು. ಒಬ್ದುಲಿಯಾಳ ಮಗಳನ್ನು ಜ್ಞಾನಸ್ನಾನಕ್ಕೆ ಎತ್ತಿಕೊಂಡವಳು. ಆ ನಂಟಿಗೇ ಕೊಮಾದ್ರೆ ಎಂಬ ಕರೆ.

ಗೊಂಬೆ ಹೊರುವುದು ಗಂಡಸರ ಕೆಲಸ ಎಂಬ ಕಾಲದಲ್ಲಿ ಒಬ್ದುಲಿಯಾ ಇದಕ್ಕೆ ಹೆಗಲು ಕೊಟ್ಟಳು. ಮೊದಲು ಹೊರುತ್ತಿದ್ದವನು ಅವಳ ಸೋದರಮಾವ. ಒಂದು ಹಬ್ಬದಲ್ಲಿ ಅವನು ಕುಡಿದು ನಡುಬೀದಿಯಲ್ಲಿ ಕುಕ್ಕರಿಸಿದ. ನೀರಿನ ತಂಬಿಗೆ ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದ ಒಬ್ದುಲಿಯಾ ಒಳಗೆ ನುಗ್ಗಿದಳು. "ಅಯ್ಯಯ್ಯೋ, ಚೋಲೆಗೆ ಎರಡೆರಡು ಲಂಗ!" ಎಂದು ಯಾರೋ ಕೂಗಿದರು. ಜನ ಬಿದ್ದುಬಿದ್ದು ನಕ್ಕರು. ಅವಳು ಮಾತ್ರ ನಿಲ್ಲಲಿಲ್ಲ.

ಬೆಳಗಿನ ನಡಿಗೆ ಮುಗಿದು, ಸಂತೆಯ ಬಾಗಿಲಲ್ಲಿ ಅಟೋಲೆಯ ಕೊಳಗ ಒಲೆಯಿಂದ ಇಳಿಯುವ ಹೊತ್ತಿಗೆ ಸಮಿತಿಯ ಯಜಮಾನ, ಚಪ್ಪಲಿ ಅಂಗಡಿಯ ನಬೋರ್ ಬರುತ್ತಾನೆ.

"ಒಬ್ದುಲಿಯಾ, ಸಂಜೆ ನೆಟ್ಟಗೆ ದೊಡ್ಡ ಬೀದೀಲೇ ಹೋಗ್ಬೇಕು. ಒಲೆ ಓಣಿ ಕಡೆ ತಿರುಗಿದ್ಯೋ, ಬರೋ ವರ್ಷ ಚೋಲೆ ನಿನ್ನ ಹೆಗಲ ಮೇಲೆ ಇರಲ್ಲ. ಸಮಿತಿ ತೀರ್ಮಾನ ಆಗ್ಹೋಗಿದೆ."

"ಸಮಿತಿಗೆ ಹೆಗಲು ಇದ್ಯಾ, ದೋನ್ ನಬೋರ್?" ಎಂದು ಒಬ್ದುಲಿಯಾ ಗೌರವದ 'ದೋನ್' ಸೇರಿಸಿಯೇ ಕೇಳುತ್ತಾಳೆ.

"ತಮಾಷೆ ಅಲ್ಲ ಕಣಮ್ಮ. ಜನ ಎಲ್ಲೆಲ್ಲಿಂದಲೋ ಬಂದು ಕುರ್ಚಿ ಹಾಕ್ಕೊಂಡು ಕೂತಿರ್ತಾರೆ."

"ಕೂತೋರು ಕೂತೇ ಇರ್ತಾರೆ, ಎಲ್ಲಿಗೆ ಓಡ್ತಾರೆ? ಒಲೆ ಮುಂದೆ ನಿಂತೋರ ಹತ್ರ ಯಾರು ಹೋಗ್ಬೇಕು?"

ನಬೋರ್ ಗಂಜಿ ಕುಡಿದು, ಬಾಯಿ ಒರೆಸಿಕೊಂಡು ನಡೆಯುತ್ತಾನೆ. ಒಬ್ದುಲಿಯಾ ಲೋಟ ತೊಳೆಯುತ್ತಾಳೆ. ಚೋಲೆಯನ್ನು ಬಿಟ್ಟರೆ ಅವಳಿಗೆ ಹೆಮ್ಮೆಪಡಲು ಬೇರೆ ಏನೂ ಇಲ್ಲ, ಅದು ನಬೋರನಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಅವನು ಸರಿಯಾದ ಕಡೆಯೇ ಚಿವುಟಿದ್ದಾನೆ.

ಸಂಜೆ ಪಟಾಕಿ ಸಿಡಿದು ಮೆರವಣಿಗೆ ಹೊರಡುತ್ತದೆ. ಮುಂದೆ ಚೋಲೆ, ಹಿಂದೆ ಊದುವ ವಾದ್ಯದವರು. ಚೋಲೆಯ ಲಂಗದಲ್ಲಿ ಸೊಂಟದ ಬಳಿ ಅಂಗೈಯಗಲದ ಕಿಂಡಿ ಇದೆ. ಒಬ್ದುಲಿಯಾಳ ಪ್ರಪಂಚವೆಲ್ಲ ಆ ಕಿಂಡಿಯಷ್ಟೇ. ಓಣಿಯ ಮೂಲೆ ಬರುತ್ತದೆ. ಕಿಂಡಿಯ ತುಂಬ ನಬೋರ್! ಎರಡೂ ಕೈ ಚಾಚಿ ಓಣಿಗೆ ಅಡ್ಡ ನಿಂತಿದ್ದಾನೆ.

ಒಬ್ದುಲಿಯಾ ನಿಂತಲ್ಲೇ ತಿರುಗಲು ಶುರುಮಾಡುತ್ತಾಳೆ. ಗಿರಗಿರ, ಗಿರಗಿರ. ಚೋಲೆಯ ರವಿಕೆಗೆ ಹೊಲಿದ ತೂಗುಗೈಗಳು ಗಾಳಿಗೆ ಎದ್ದು ಫಟೀರನೆ ನಬೋರನ ಟೋಪಿಯನ್ನು ಹಾರಿಸುತ್ತವೆ. ಟೋಪಿ ಹಿಡಿಯಲು ಅವನು ಬಗ್ಗಿದ್ದೇ ತಡ, ಚೋಲೆ ಓಣಿಯೊಳಗೆ.

ಒಳಗೆ ಬಂದಳು, ಸರಿ. ಹಿಂದೆ ವಾದ್ಯವಿಲ್ಲ! ದೊಡ್ಡ ಬೀದಿಯ ತಿರುವಿನಲ್ಲೇ ಅವರು ನಿಂತುಬಿಟ್ಟಿದ್ದಾರೆ. ಲಂಗದೊಳಗೆ ಅವಳ ಉಸಿರು ಮಾತ್ರ ಕೇಳುತ್ತಿದೆ. ಬರುವ ವರ್ಷದ ಚೋಲೆಯೂ ಹೋಯಿತು, ಈ ವರ್ಷದ ಕುಣಿತವೂ ಹೋಯಿತು. ಆಗ ಫೆಲಿಸಿತಾಸಳ ಕೂಗು ಕೇಳುತ್ತದೆ: "ಬಂದ್ಳು ಕಣ್ರೇ, ನಮ್ಮವ್ವ ಬಂದ್ಳು!" ಅವಳು ಸೌಟನ್ನು ಮಡಕೆಯ ಕಂಠಕ್ಕೆ ಬಡಿಯುತ್ತಾಳೆ. ಪಕ್ಕದವಳು ಮುಚ್ಚಳ ಬಡಿಯುತ್ತಾಳೆ. ಓಣಿ ಉದ್ದಕ್ಕೂ ಮೆಣಸಿನಕಾಯಿಯ ಘಾಟು, ಹೊಗೆ, ತಾಳ. ಒಬ್ದುಲಿಯಾ ಅಳುತ್ತ ಕುಣಿಯುತ್ತಾಳೆ. ಲಂಗದೊಳಗೆ ಅತ್ತರೆ ಯಾರಿಗೆ ಕಾಣಬೇಕು?

ಮೂರನೆಯ ಮಡಕೆಯ ಹೊತ್ತಿಗೆ ಭೋಂ ಎಂದು ದೊಡ್ಡ ಕಹಳೆ ಕೂಗುತ್ತದೆ. ಕಹಳೆಯ ರುತೀಲಿಯೊ ಒಬ್ಬನೇ ಗುಂಪು ಬಿಟ್ಟು ಏದುಸಿರು ಬಿಡುತ್ತ ಓಡಿಬಂದಿದ್ದಾನೆ. "ನನ್ನ ಹೆಂಡ್ತಿ ಇಲ್ಲಿ ಸೌಟು ಹಿಡಿದು ನಿಂತವ್ಳೆ. ಸಮಿತಿ ಮಾತು ಕೇಳಿದ್ರೆ ನನಗೆ ನಾಳೆಯಿಂದ ಅನ್ನ ಹಾಕೋದು ಸಮಿತೀನಾ?" ಎಂದು ಕೇಳುತ್ತಾನೆ. ಅವನ ಹಿಂದೆ ಮಿಕ್ಕ ವಾದ್ಯದವರೂ ಒಬ್ಬೊಬ್ಬರಾಗಿ ಬರುತ್ತಾರೆ. ದೊಡ್ಡ ಬೀದಿಯಲ್ಲಿ ಕುರ್ಚಿಯವರು ಕಾಯುತ್ತಾರೆ. ಯಾರೂ ಎದ್ದು ಹೋಗುವುದಿಲ್ಲ.

ಮಾರನೇ ಬೆಳಿಗ್ಗೆ ಎಲೆ ಬಿಚ್ಚಿದರೆ ತಮಾಲೆ ಹೂವಿನ ಹಾಗೆ ಬೆಂದಿವೆ. ನಬೋರನೂ ಬರುತ್ತಾನೆ. ನಿಂತುಕೊಂಡೇ ಒಂದು ತಿನ್ನುತ್ತಾನೆ, ಇನ್ನೊಂದಕ್ಕೆ ಕೈ ಚಾಚುತ್ತಾನೆ. ಎರಡನೆಯದು ಮುಗಿದ ಮೇಲೆ, ಒಬ್ದುಲಿಯಾಳ ಮುಖ ನೋಡದೆ, ಬರುವ ವರ್ಷ ಬೇರೆಯವರು ಹೊರುತ್ತಾರೆ, ಸಮಿತಿಯ ಮಾತು ಮಾತೇ ಎನ್ನುತ್ತಾನೆ. ಫೆಲಿಸಿತಾಸ್ ಸೌಟು ಎತ್ತಿಕೊಂಡು ಮುಂದೆ ಬರುತ್ತಾಳೆ. ಒಬ್ದುಲಿಯಾ ಅವಳ ಕೈ ಹಿಡಿದು ತಡೆಯುತ್ತಾಳೆ.

"ಬೇರೆಯೋರಿಗೆ ಕೊಡ್ಲಿ ಬಿಡು ಕೊಮಾದ್ರೆ. ಇಷ್ಟು ವರ್ಷ ಒಳಗಿದ್ದು ಒಂದು ಸಲನಾದ್ರೂ ಚೋಲೆ ಕುಣಿಯೋದನ್ನ ಕಣ್ಣಾರೆ ನೋಡಿದೀನಾ ನಾನು? ನೋಡೋ ಆಸೆ ನನಗೂ ಇದೆ." ಆಮೇಲೆ ನಬೋರನ ಕಡೆ ತಿರುಗುತ್ತಾಳೆ. "ಬರೋ ವರ್ಷ ಇದೇ ಓಣಿ ಮೂಲೇಲಿ ಕುರ್ಚಿ ಹಾಕ್ಕೊಂಡು ಕೂರ್ತೀನಿ, ದೋನ್ ನಬೋರ್. ಯಾರಾದ್ರೂ ಹೊರ್ಲಿ. ಚೋಲೆ ಈ ಕಡೆ ತಿರುಗದೆ ಹೋದ್ಲೋ, ಎದ್ದುಬಂದು ಲಂಗ ಹಿಡಿದು ಎಳ್ಕೊಂಡು ಬರ್ತೀನಿ."