ಕರಗುವ ಶೀಟಿನ ಮಾವ

ನಮ್ಮ ಪಕ್ಕದ ತೋಟದ ಮಾವನ ಹತ್ತಿರ ಎಲ್ಲ ತೊಂದರೆಗೂ ಒಂದೇ ಔಷಧಿ ಇತ್ತು: “ಕರಗ್ತದೆ, ಸುಮ್ಕಿರ್ಲಾ.” ಕಿಡ್ನಿ ಕಲ್ಲಿಗೂ ಅದೇ ಮಾತು, ಆಗಾಗ ಮುನಿಸಿಕೊಂಡು ರಾಯಕೋಟೆಯ ತವರಿಗೆ ಹೋಗಿಬರುತ್ತಿದ್ದ ಅತ್ತೆಯ ಸಿಟ್ಟಿಗೂ ಅದೇ ಮಾತು. ಹೇಳುವಾಗ ಪಂಚೆ ಮೇಲೆತ್ತಿ ತೊಡೆ ಕೆರೆದುಕೊಳ್ಳುವುದು ಕಡ್ಡಾಯ.

ಕಳೆ ಬಾರದಂತೆ ಸಾಲಿಗೆ ಹೊದಿಸುವ, ಮಣ್ಣಿನಲ್ಲೇ ಕರಗುವ ಕಪ್ಪು ಮಲ್ಚಿಂಗ್ ಶೀಟು ಹೊಸೂರಿನ ಅಂಗಡಿಗೆ ಬಂದಾಗ, ಅದನ್ನು ಯಾರೋ ಮಾವನಿಗಾಗಿಯೇ ಕಂಡುಹಿಡಿದಂತಿತ್ತು. ಟೊಮೇಟೊ ಸಾಲಿಗೆಲ್ಲ ಹಾಸಿದ. ಬೆಳೆ ಮುಗಿದ ಮೇಲೆ ಕಿತ್ತು ಹಾಕುವ ಗೋಜಿಲ್ಲವೆಂದು ಟ್ರ್ಯಾಕ್ಟರ್ ಹೊಡೆಸಿ ಮಣ್ಣಿಗೆ ಸೇರಿಸಿಬಿಟ್ಟ. ಮುಂದಿನ ಬೆಳೆಗೂ ಹಾಗೆಯೇ ಮಾಡಿದ. ಡ್ರಿಪ್ ಪೈಪಿನ ಪಕ್ಕ ಒದ್ದೆಯಿದ್ದ ಕಡೆ ಶೀಟು ನಿಜವಾಗಿಯೂ ಕರಗಿತ್ತು. ಒಣಗಿದ ಅಂಚುಗಳಲ್ಲಿ ಮಾತ್ರ ಕಪ್ಪು ಚೂರುಗಳಾಗಿ ಉಳಿಯಿತು. ಅಲ್ಲಿ ನೀರು ಇಂಗದೆ ನಿಲ್ಲುತ್ತಿತ್ತು, ಸಸಿಯ ಬೇರು ಚೂರಿಗೆ ತಾಗಿ ಅಡ್ಡಕ್ಕೆ ತಿರುಗುತ್ತಿತ್ತು. ಅತ್ತೆ ಸೆರಗಿನ ತುಂಬ ಆರಿಸಿ ತಂದ ಚೂರುಗಳನ್ನು ಮಾವ ಬದುವಿನ ಮೇಲೆ ನಿಂತು ಮತ್ತೆ ತೋಟಕ್ಕೇ ಎರಚಿದ.

“ಕರಗ್ತದೆ ಕಣೆ, ಅವಸರ ಯಾಕೆ?”

ಮರುದಿನ ಬೆಳಿಗ್ಗೆ ನಾನೂ ಅವರ ಜಗಲಿಯಲ್ಲಿ ಕೂತಿದ್ದೆ. ಅತ್ತೆ ಮಾವನ ಟೀ ಲೋಟಕ್ಕೆ ಒಂದು ಕಪ್ಪು ಚೂರು ಹಾಕಿ, ಚಮಚದಲ್ಲಿ ಚೆನ್ನಾಗಿ ಕಲಕಿ, ಕೈಗೆ ಕೊಟ್ಟಳು.

“ಕುಡಿ. ಕರಗ್ತದೆ.”

ಮಾವ ಅತ್ತೆಯ ಮುಖ ನೋಡಿದ, ಲೋಟ ನೋಡಿದ, ಪೂರ್ತಿ ಕುಡಿದ. ಮೀಸೆಗೆ ಅಂಟಿದ್ದ ಚೂರನ್ನು ಕಿತ್ತು ಜೇಬಿಗೆ ಹಾಕಿಕೊಂಡ.

“ಸಕ್ಕರೆ ಕಮ್ಮಿ,” ಎಂದ.

ಆಮೇಲೆ ಖಾಲಿ ಟೊಮೇಟೊ ಕ್ರೇಟನ್ನು ತಲೆಯ ಮೇಲಿಟ್ಟುಕೊಂಡು ತೋಟಕ್ಕೆ ಹೋಗಿ, ಮೊದಲ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಪ್ಪು ಚೂರುಗಳನ್ನು ಆರಿಸತೊಡಗಿದ.